ಸರ್ವರ್‌ಗೊಂದು ಪರಿಚಯ ಪತ್ರ

ಮೊದಲು ನಾನು ನಿಂತಿದ್ದ ಜಾಗವನ್ನು ಸರಿಯಾಗಿ ಹೇಳಿಬಿಡುತ್ತೇನೆ. ಬೆನ್ನುಬೆನ್ನಿಗೆ ಬಂದ ಬರದಲ್ಲಿ ಅದು ಎರಡನೆಯ ವರ್ಷ, ಏಪ್ರಿಲ್ ತಿಂಗಳು, ಬುಧವಾರ, ಹಗಲು ಹನ್ನೆರಡು ಗಂಟೆ ಹತ್ತು ನಿಮಿಷ. ಬೀದರಿನ ನಮ್ಮ ವಧು-ವರ ಮಾಹಿತಿ ಕೇಂದ್ರದ ಹಿಂದಿನ ಕೋಣೆ. ನನ್ನ ಎದುರಿಗೆ ಎರಡು ಅಡಿ ದೂರದಲ್ಲಿ ಕೂಲರ್, ನನ್ನ ಬೆನ್ನ ಹಿಂದೆ ಮೂರು ಅಡಿ ದೂರದಲ್ಲಿ ಸರ್ವರ್. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ್ದೆ. ಕಣ್ಣು ಮುಚ್ಚಿದ್ದೆ. ಆದ್ದರಿಂದ ಆಗ ನಡೆದದ್ದನ್ನು ನಾನು ಕಂಡೆನೆಂದು ಹೇಳಲಾರೆ, ಕೇಳಿದೆನೆಂದಷ್ಟೇ ಹೇಳಬಲ್ಲೆ. ಹತ್ತು ತಿಂಗಳಿಂದ ಗುಂಯ್‌ಗುಡುತ್ತಿದ್ದ ಸದ್ದು ಬೆನ್ನ ಹಿಂದೆ ಒಮ್ಮೆಗೇ ನಿಂತಿತು. ನನಗೇ ಕಿವಿ ಹೋಯಿತೇನೋ ಅಂದುಕೊಂಡೆ. ಹೋಗಿದ್ದರೆ ಎಷ್ಟೋ ಒಳ್ಳೆಯದಿತ್ತು.

ಕೇಂದ್ರದ ಒಡತಿ ಮಹಾನಂದಾ ಅಕ್ಕೋರು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತರಾದ ಮೇಲೆ ಅದೇ ಹೆಣ್ಣುಮಕ್ಕಳಿಗೆ ಗಂಡು ಹುಡುಕಲು ಕೂತವರು. ನಾನು ಅವರ ಮ್ಯಾನೇಜರ್. ಬೀದರಿನಲ್ಲಿ ಮುಖ್ಯ ಕಚೇರಿ, ಭಾಲ್ಕಿಯಲ್ಲೊಂದು ಶಾಖೆ, ಔರಾದಿನಲ್ಲೊಂದು. ಮೂರೂ ಕಡೆ ಬಂದವರ ಪರಿಚಯ ಪತ್ರ, ಫೋಟೊ, ಎಲ್ಲ ಒಂದೇ ಸಾಫ್ಟ್‌ವೇರಿನಲ್ಲಿ. ಆ ಸಾಫ್ಟ್‌ವೇರ್ ಇದ್ದದ್ದು ಹಿಂದಿನ ಕೋಣೆಯ ಕಪ್ಪು ಪೆಟ್ಟಿಗೆಯಲ್ಲಿ. ಅದನ್ನೇ ಸರ್ವರ್ ಅನ್ನುತ್ತಿದ್ದೆವು. ಅದು ಮಲಗಿದರೆ ಮೂರೂ ಊರಿನ ಕಂಪ್ಯೂಟರುಗಳು ಸುಮ್ಮನೆ ಮುಖ ನೋಡುತ್ತಿದ್ದವು. ಪೆಟ್ಟಿಗೆ ಬಂದ ವಾರವೇ ಹಳೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದೆವು. ಅದು ಯಾರ ಸಲಹೆ ಎಂದು ದಯವಿಟ್ಟು ಕೇಳಬೇಡಿ.

ಆ ಪೆಟ್ಟಿಗೆಗೆ ಸೆಕೆ ಆಗಿಬರುತ್ತಿರಲಿಲ್ಲ. ಹಾಗಾಗಿ ಅದರೆದುರು ಕೂಲರ್ ಇಟ್ಟೆವು. ಕೂಲರ್ ದಿನಕ್ಕೆ ಎರಡು ಕೊಡ ನೀರು ಕುಡಿಯುತ್ತಿತ್ತು. ನಮ್ಮ ಗಲ್ಲಿಗೆ ಟ್ಯಾಂಕರ್ ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ. ನಾನು ಕೊಡ ಹೊತ್ತು ಒಳಗೆ ಹೋಗುವುದನ್ನು ನೋಡಿ ಪಕ್ಕದ ಮನೆಯ ಮುದುಕಿ ಒಂದು ದಿನ ಅಂದರು: "ನಿಮ್ಮ ಮಷೀನಿಗಿ ನೀರಡಿಕಿ ಆಗ್ತದಂತಲ್ರಿ ಸಾಹೇಬ್ರ? ನಮ್ಮ ಎಮ್ಮಿಗಿ ಕುಡಿಸಿದ್ರ ಹಾಲರ ಕೊಡ್ತದ."

ಈ ಮಾತು ಅಕ್ಕೋರ ಕಿವಿಗೆ ಬಿತ್ತು. ಅವತ್ತೇ ರಫೀಕ್ ಸಾಹೇಬರನ್ನು ಕರೆಸಿದರು. ರಫೀಕ್ ಸಾಹೇಬರು ಊರ ಹೊರಗಿನ ಕೊಳಾರದ ಕಾರ್ಖಾನೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ನಮ್ಮ ಪೆಟ್ಟಿಗೆಯನ್ನು ಕೂರಿಸಿದವರೂ ಅವರೇ. ಕೂಲರಿನ ಗಾಳಿ ಎತ್ತ ಹೋಗಬೇಕೆಂದು ನೆಲದ ಮೇಲೆ ಸುಣ್ಣದಲ್ಲಿ ಬಾಣದ ಗುರುತು ಹಾಕಿ ಹೋಗಿದ್ದರು. ಅವರು ಚಹಾ ಕುಡಿದು, ಈ ಪೆಟ್ಟಿಗೆಯ ಸಹವಾಸವೇ ಬೇಡ, ವರ್ಚುವಲ್ ಸರ್ವರ್ ತೆಗೆದುಕೊಳ್ಳಿ ಅಂದರು.

"ಅದು ಎಲ್ಲಿರ್ತದ?" ಅಂತ ಅಕ್ಕೋರು ಕೇಳಿದರು.

"ಎಲ್ಲೋ ಇರ್ತದ್ರಿ ಅಕ್ಕೋರ. ಮುಂಬೈದಾಗ ಇರಬಹುದು, ಹೈದರಾಬಾದ್‌ದಾಗ ಇರಬಹುದು."

"ಇರಬಹುದು ಅಂದ್ರ? ಮನಿ ಗೊತ್ತಿಲ್ದ ಕಡಿ ನಮ್ಮ ಹೆಣ್ಣಮಕ್ಕಳ ಫೋಟೊ ಕಳಸ್ಲೇನು?"

"ಒಂದು ದೊಡ್ಡ ಮಷೀನ್ ಇರ್ತದ್ರಿ. ಅದರೊಳಗ ಹತ್ತಿಪ್ಪತ್ತು ಸರ್ವರ್ ಬ್ಯಾರೆ ಬ್ಯಾರೆ ಮಾಡಿ ಬಾಡಗಿಗಿ ಕೊಡ್ತಾರ. ಅದರಾಗ ಒಂದು ನಿಮ್ದು."

"ಅಂದ್ರ ವಾಡೇದಾಗ ಒಂದು ಖೋಲಿ ಅನ್ನು. ಬಾಜೂ ಖೋಲಿಯವರು ಇಣುಕಿದ್ರ?"

"ನಡುವ ಗ್ವಾಡಿ ಇರ್ತದ್ರಿ."

"ಆ ಗ್ವಾಡಿ ನೀನು ಕಂಡೀಯೇನಪ್ಪ?"

ರಫೀಕ್ ಸಾಹೇಬರು ಕಂಡಿರಲಿಲ್ಲ. ಅಕ್ಕೋರು ಡ್ರಾಯರಿನಿಂದ ನಮ್ಮ ಕೇಂದ್ರದ ಎರಡು ಖಾಲಿ ಪರಿಚಯ ಪತ್ರಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಎರಡೂ ಸಂಬಂಧದ ಪತ್ರ ತುಂಬರಿ. ನೋಡಿ ಗುರುವಾರ ಹೇಳ್ತೇನಿ," ಅಂದರು. ಅವರಿಗೆ ಬದುಕಿನಲ್ಲಿ ಏನನ್ನೇ ಆರಿಸಲಿಕ್ಕೂ ಇದೊಂದೇ ದಾರಿ. ಮನೆಗೆ ಗ್ಯಾಸ್ ಒಲೆ ತರುವಾಗಲೂ ಹೀಗೇ ಮಾಡಿದ್ದರೆಂದು ಕೇಳಿದ್ದೇನೆ.

ಇಲ್ಲಿ ನನ್ನ ಸ್ವಾರ್ಥವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ಬೇಸಿಗೆ ಕೂಲರಿನ ಗಾಳಿ ಹಾಯುವ ಕೋಣೆಯಲ್ಲಿ ಕುರ್ಚಿ ಇದ್ದ ನೌಕರ ಇಡೀ ಗಲ್ಲಿಯಲ್ಲಿ ನಾನೊಬ್ಬನೇ. ಪೆಟ್ಟಿಗೆ ಹೋದರೆ ಕೂಲರ್ ಹೋಗುತ್ತದೆ, ಕೂಲರ್ ಹೋದರೆ ಕುರ್ಚಿ ಹೊರಗೆ ಬರುತ್ತದೆ. ಹಾಗಾಗಿ ಪೆಟ್ಟಿಗೆಯ ಪತ್ರವನ್ನು ಸೋದರಮಾವನ ಹಾಗೆ ಪ್ರೀತಿಯಿಂದ ತುಂಬಿದೆ. ಊರು: ಬೀದರ. ಮನೆ: ಸ್ವಂತ. ಬಣ್ಣ: ಕಪ್ಪು, ಆದರೆ ಲಕ್ಷಣ. ಸ್ವಭಾವ: ಶಾಂತ. ದುಶ್ಚಟ: ಇಲ್ಲ, ನೀರು ಮಾತ್ರ. ಇನ್ನೊಂದರದ್ದು ಹೀಗಿತ್ತು. ಊರು: ತಿಳಿದಿಲ್ಲ. ಮನೆ: ಬಾಡಿಗೆ. ಎತ್ತರ: ಇಲ್ಲ. ಜೊತೆಗಿರುವವರು: ಅಪರಿಚಿತರು. ಅಕ್ಕೋರು ಮಂಗಳವಾರ ಸಂಜೆ ಎರಡನ್ನೂ ಓದಿ, "ನಮ್ಮದೇ ಛಲೋ ಕಾಣ್ತದ," ಅಂದರು. ನಾನು ತಲೆ ತಗ್ಗಿಸಿ ವಿನಯದಿಂದ ನಿಂತೆ.

ಬುಧವಾರ ಬೆಳಿಗ್ಗೆ ಹೈದರಾಬಾದಿನ ಬಸ್ಸಿಳಿದು ರುಕ್ಮಿಣಿಬಾಯಿ ಬಂದರು. ಭಾಲ್ಕಿ ತಾಲ್ಲೂಕಿನ ಮೆಹಕರದವರು. ಮಳೆ ಕೈಬಿಟ್ಟ ಮೇಲೆ ಅವರ ಓಣಿಯ ಅರ್ಧ ಮಂದಿಯ ಜೊತೆ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಪಿಯುಸಿ ಮುಗಿಸಿದ ಮಗಳು ಸುನೀತಾ ಅಲ್ಲಿಯೇ ಕೂಲಿಯವರ ಹಾಜರಿ ಬರೆಯುತ್ತಿದ್ದಳು. ಔರಾದಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗನೊಬ್ಬನ ಕಡೆಯವರು ಅಂದು ನಮ್ಮ ಔರಾದ ಶಾಖೆಗೆ ಬಂದು, ಸುನೀತಾಳ ಪತ್ರ ಮತ್ತು ಫೋಟೊ ನೋಡಿ ಹೂಂ ಅಥವಾ ಊಹೂಂ ಹೇಳುವುದಿತ್ತು. ಹುಡುಗನ ತಂದೆತಾಯಿ ಅದೇ ದಿನ ಒಂದು ಗಂಟೆಯ ಜೀಪಿಗೆ ಪುಣೆಯ ಕೆಲಸಕ್ಕೆ ಹೊರಡುವವರು, ಮಳೆಗಾಲದ ತನಕ ತಿರುಗಿ ಬರುವವರಲ್ಲ. ರುಕ್ಮಿಣಿಬಾಯಿಗೆ ಸಿಕ್ಕದ್ದು ಒಂದು ದಿನದ ರಜೆ. ಇದು ಅವರು ನೋಡುತ್ತಿದ್ದ ನಾಲ್ಕನೆಯ ಸಂಬಂಧ. ಮೊದಲ ಮೂರು, "ಹೆಣ್ಣಿನ ಕಡಿಯವರು ಊರಾಗಿಲ್ಲಲ್ಲ" ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗಿದ್ದವು.

ಅಂದು ಸೆಕೆ ಹೆಚ್ಚಿತ್ತು. ಹತ್ತು ಗಂಟೆಗೆ ನಾನು ಕೂಲರನ್ನು ಕುರ್ಚಿಯ ಕಡೆ ಸ್ವಲ್ಪ, ಸ್ವಲ್ಪವೇ, ತಿರುಗಿಸಿದೆ. ಹನ್ನೊಂದಕ್ಕೆ ಇನ್ನಷ್ಟು. ಹನ್ನೆರಡಕ್ಕೆ ಎದ್ದು ಅದರ ಮುಂದೆಯೇ ನಿಂತೆ. ಸದ್ದು ನಿಂತಾಗ ಕಣ್ಣು ಬಿಟ್ಟರೆ, ಬಾಗಿಲಲ್ಲಿ ಖಾಲಿ ಲೋಟ ಹಿಡಿದು ರುಕ್ಮಿಣಿಬಾಯಿ ನಿಂತಿದ್ದರು. ಕುಡಿಯಲು ನೀರು ಕೇಳಲು ಬಂದಿದ್ದರು. ಅವರು ಪೆಟ್ಟಿಗೆ ನೋಡಿದರು, ಕೂಲರ್ ನೋಡಿದರು, ನನ್ನ ಬಿಚ್ಚಿದ ಗುಂಡಿಗಳನ್ನು ನೋಡಿದರು. ನಾನು ಅವರೆದುರಿಗೇ ಕೂಲರನ್ನು ದರದರ ಎಳೆದು ಸುಣ್ಣದ ಬಾಣಕ್ಕೆ ಸರಿಯಾಗಿ ನಿಲ್ಲಿಸಿದೆ. ಗುಂಡಿ ಹಾಕಿಕೊಂಡೆ. ಅಷ್ಟರಲ್ಲಿ ಅಕ್ಕೋರು ಫೋನ್ ಹಿಡಿದು ಒಳಗೆ ಬಂದರು. ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಔರಾದಿನ ಗುಮಾಸ್ತೆ ಸಂಗೀತಾ ಕೂಗುತ್ತಿದ್ದಳು.

"ಅಕ್ಕೋರ, ಫೋಟೊ ಅರ್ಧಕ್ಕ ನಿಂತದ್ರಿ! ಹಣಿ ತನಕ ಬಂದದ, ಕಣ್ಣ ಬಂದಿಲ್ಲ. ಹುಡುಗನ ಅವ್ವ, ಹುಡುಗಿ ಕಣ್ಣಿಗಿ ಏನರ ಆಗ್ಯದೇನು ಅಂತ ಕೇಳ್ಲಿಕತ್ತಾರ. ಜೀಪ್ ಬಂದು ನಿಂತದ, ಎದ್ದು ಹೊಂಟಾರ್ರಿ!"

ಅಕ್ಕೋರು ನನ್ನನ್ನು ನೋಡಿದರು. ನಾನು ಪೆಟ್ಟಿಗೆಯನ್ನು ನೋಡಿದೆ. ರುಕ್ಮಿಣಿಬಾಯಿ ಲೋಟವನ್ನು ನನ್ನ ಕೈಗೆ ಕೊಟ್ಟು ಫೋನ್ ಇಸಿದುಕೊಂಡು, ಹುಡುಗನ ತಾಯಿಗೆ ಕೊಡಲು ಸಂಗೀತಾಗೆ ಹೇಳಿದರು.

"ನಮಸ್ಕಾರ್ರೀ ಅಕ್ಕಾ. ನಾ ಸುನೀತಾನ ಅವ್ವ. ಕಣ್ಣ ಎರಡೂ ಬರಾಬರ್ ಅವ. ಒಂದರಾಗ ಜರಾ ಸಿಟ್ಟ ಜಾಸ್ತಿ ಅದ."

ಆ ಕಡೆಯಿಂದ ಹುಡುಗನ ತಾಯಿಯ ನಗು ಕೇಳಿಸಿತು. "ಮತ್ತ ಬಣ್ಣ ಹ್ಯಾಂಗ್ರಿ?"

"ನನ್ನಂಗ. ನಾ ಹ್ಯಾಂಗಿದ್ದೀನಿ ಅಂದ್ರ, ಬಿಸಲಾಗ ಕೆಲಸ ಮಾಡೋರು ಹ್ಯಾಂಗಿರ್ತಾರ, ಹಂಗ. ಪತ್ರದಾಗ ಅಡುಗೆಯಲ್ಲಿ ನಿಪುಣೆ ಅಂತ ಈ ಮ್ಯಾನೇಜರ್ ಸಾಹೇಬ್ರು ಬರದಾರ. ಸುಳ್ಳ ಅದ. ರೊಟ್ಟಿ ಬಡೀತಾಳ, ದುಂಡಗ ಬರಲ್ಲ."

"ನಮ್ಮವ ದುಂಡಗ ಅದನೋ ಇಲ್ಲೋ ನೋಡಲ್ರಿ, ನುಂಗಿಬಿಡ್ತಾನ. ಖರೆ ಹೇಳ್ತೇನಿ, ಅವನಿಗಿ ಮಾತೇ ಬರಲ್ಲ. ದಿನಕ್ಕ ಎರಡು ಮಾತಾಡಿದ್ರ ಭಾಳ ಆಯ್ತು."

"ಇರಲಿ ಬಿಡ್ರಿ. ನಮ್ಮಕಿ ಇಬ್ಬರ ಪಾಲಿಂದೂ ಆಡ್ತಾಳ."

ಜೀಪಿನ ಹಾರ್ನ್ ನಮ್ಮ ಕೋಣೆಯ ತನಕ ಕೇಳಿಸಿತು. ಅದರ ಮೇಲೆ ಆ ತಾಯಿಯ ಗದರಿಕೆಯೂ ಕೇಳಿಸಿತು: "ತಡಿಯೋ ಅಪ್ಪಾ, ಸಂಬಂಧ ಮಾತಾಡ್ಲಿಕತ್ತೀವಿ!" ಇಬ್ಬರೂ ಮಾತಾಡಿದ್ದು ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಇಬ್ಬರೂ ತಮ್ಮ ಮಕ್ಕಳ ಅವಗುಣಗಳನ್ನು ಒಂದೂ ಬಿಡದೆ ಹೇಳಿಕೊಂಡರು. ನಮ್ಮ ಪತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಬಸವ ಜಯಂತಿಯ ರಜೆಗೆ ಹುಡುಗ ಹೈದರಾಬಾದಿಗೆ ಹೋಗಿ ಹುಡುಗಿಯನ್ನು ನೋಡುವುದೆಂದು ನಿಶ್ಚಯವಾಯಿತು. ಫೋನ್ ಅಕ್ಕೋರಿಗೆ ಕೊಟ್ಟು ರುಕ್ಮಿಣಿಬಾಯಿ ನನ್ನ ಕಡೆ ತಿರುಗಿ, "ಸಾಹೇಬ್ರ, ನೀರು ಕೇಳಿದ್ದೆ," ಅಂದರು. ಅಷ್ಟೇ. ಮತ್ತೇನೂ ಅನ್ನಲಿಲ್ಲ.

ಅಕ್ಕೋರು ಕೂಲರನ್ನು ಪರೀಕ್ಷಿಸಿದರು. ಬಾಣಕ್ಕೆ ಸರಿಯಾಗಿ ನಿಂತಿತ್ತು, ಗಾಳಿ ನೇರವಾಗಿ ಬರುತ್ತಿತ್ತು. ಪೆಟ್ಟಿಗೆಯ ಮೇಲೆ ಕೈ ಇಟ್ಟು ಸುಟ್ಟಂತಾಗಿ ತೆಗೆದರು. "ಇಷ್ಟು ಉಪಚಾರ ಮಾಡಿದ್ರೂ ವ್ಯಾಳ್ಯಾಕ್ಕ ಮಲಗ್ತದಂದ್ರ ಇದರ ಪ್ರಕೃತಿನೇ ಸರಿ ಇಲ್ಲ. ಕಣ್ಣೆದುರಿಗೆ ಇದ್ದು ಕೈ ಕೊಡೋದಕಿಂತ, ಎಲ್ಲೋ ಇದ್ದು ಕರದಾಗ ಓ ಅನ್ನೋದೇ ಮೇಲು," ಎಂದು ತೀರ್ಪು ಕೊಟ್ಟರು. ಗುರುವಾರದ ತನಕವೂ ಕಾಯಲಿಲ್ಲ. ನಾನು ಬಾಯಿ ಬಿಟ್ಟು ನಿಜ ಹೇಳಿದ್ದರೆ ಪೆಟ್ಟಿಗೆ ಉಳಿಯುತ್ತಿತ್ತು, ಕೂಲರ್ ಉಳಿಯುತ್ತಿತ್ತು, ಬೈಸಿಕೊಂಡಾದರೂ ತಣ್ಣಗೆ ಕೂತಿರುತ್ತಿದ್ದೆ. ಹೇಳಲಿಲ್ಲ. ತಿಂಗಳೊಳಗೆ ವರ್ಚುವಲ್ ಸರ್ವರ್ ಬಂತು. ಅಂದರೆ ಏನೂ ಬರಲಿಲ್ಲ, ಪೆಟ್ಟಿಗೆ ಹೋಯಿತು. ಕೂಲರ್ ಪಕ್ಕದ ಮನೆಗೆ ಹೋಯಿತು. ನನ್ನ ಕುರ್ಚಿ ರಸ್ತೆ ಕಡೆಯ ಕಿಟಕಿಯ ಪಕ್ಕಕ್ಕೆ, ಪಡುವಣ ಬಿಸಿಲಿಗೆ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಹೊಸ ಸರ್ವರ್ ಬೇಸಿಗೆಯಲ್ಲಿ ಒಮ್ಮೆಯೂ ಮಲಗಿಲ್ಲ. ನೆಟ್ ಇಲ್ಲದ ದಿನ ಮಾತ್ರ ಅದು ಎಚ್ಚರವಿದೆಯೋ ಇಲ್ಲವೋ ನಮಗೆ ತಿಳಿಯುವುದಿಲ್ಲ.

ಆ ದಿನದ ಸಾಕ್ಷಿಗಳ ವಿಷಯ. ಸಂಗೀತಾ ಈಗಲೂ ಔರಾದಿನಲ್ಲಿದ್ದಾಳೆ, ಅವಳು ಕಂಡದ್ದು ಒಂದು ಹಣೆ ಮಾತ್ರ. ಅಕ್ಕೋರು ಗಟ್ಟಿಯಾಗಿದ್ದಾರೆ, ಅವರು ಕಂಡದ್ದು ನಾನು ತೋರಿಸಿದ್ದನ್ನು. ಇದ್ದದ್ದನ್ನು ಇದ್ದ ಹಾಗೆ ಕಂಡವರು ರುಕ್ಮಿಣಿಬಾಯಿ ಒಬ್ಬರೇ. ಈಗ ಔರಾದಿನಲ್ಲಿ ಮಗಳ ಮನೆಯಲ್ಲೇ ಇದ್ದಾರೆ. ಅಳಿಯ ದಿನಕ್ಕೆ ನಾಲ್ಕು ಮಾತಾಡುವ ಮಟ್ಟಕ್ಕೆ ಬಂದಿದ್ದಾನಂತೆ. ಅವರ ಆರೋಗ್ಯ ಚೆನ್ನಾಗಿದೆ, ಕಣ್ಣು ಸ್ವಚ್ಛವಾಗಿದೆ, ನೆನಪು ಇನ್ನೂ ಸ್ವಚ್ಛವಾಗಿದೆ; ಹೋದ ವಾರವಷ್ಟೇ ವಿಚಾರಿಸಿದೆ. ದೇವರು ಅವರಿಗೆ ನೂರು ವರ್ಷ ಆಯುಸ್ಸು ಕೊಡಲಿ, ಬೀದರಿನ ಬಸ್ಸು ಮಾತ್ರ ಸಿಗದಿರಲಿ.