ಹೊಟ್ಟೆ ತುಂಬಿದ ಕೌದಿ

ಕೌದಿ ಕಲೆಯನ್ನು ಉದ್ಧಾರ ಮಾಡುವ ಭಾರ ನನ್ನ ತಲೆಯ ಮೇಲೇ ಇದೆ ಎಂದು ನನಗೆ ಗೊತ್ತಾದದ್ದು ಜೂನ್ ತಿಂಗಳ ಒಂದು ಮಧ್ಯಾಹ್ನ, ಒಣ ಬಂಗಡೆ ಸಾರಿನ ಊಟ ಮುಗಿಸಿ ಕೈ ತೊಳೆಯುವಾಗ. ದೋಣಿಗಳೆಲ್ಲ ದಡ ಸೇರಿದ್ದವು, ಕಾರವಾರದ ಪೇಟೆಯಲ್ಲಿ ಹಸಿ ಮೀನಿರಲಿಲ್ಲ, ಹೊರಗೆ ಕಾಲಿಡಲು ಮಳೆ ಬಿಡುತ್ತಿರಲಿಲ್ಲ. ನಿವೃತ್ತ ಡ್ರಾಯಿಂಗ್ ಮಾಸ್ತರನಿಗೆ ಇನ್ನೇನು ಉದ್ಯೋಗ? ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ. ನಾನು ಒಂದು ತಲೆಮಾರು ಮುಂದೆ ಹೋಗಿ ಮೊಮ್ಮಗಳ ತೊಟ್ಟಿಲಿಗೇ ಕೈ ಹಾಕಿದೆ.

ನನ್ನನ್ನು ಸಾಮಾನ್ಯನೆಂದು ತಿಳಿಯಬೇಡಿ. ಹಬ್ಬುವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟಿದೆ. ಅದರಲ್ಲಿ ನನ್ನ ಸನ್ಮಾನದ ಶಾಲು ಇದೆ. ಅಂದರೆ, ಇತ್ತು. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳು ಹೊದಿಸಿದ್ದು, ಮೆತ್ತನೆಯದು, ಜರಿ ಅಂಚಿನದು. ಬಂದ ನೆಂಟರಿಗೆ ಚಹಾಕ್ಕಿಂತ ಮುಂಚೆ ಅದರ ದರ್ಶನವಾಗುತ್ತಿತ್ತು. ನನ್ನ ಹೆಂಡತಿ ಕಲಾವತಿ ಮಾತ್ರ ವಾರಕ್ಕೊಮ್ಮೆ ಕಪಾಟು ಒರೆಸುತ್ತ, "ಗಾಜಿನೊಳಗಿಟ್ರೆ ಶಾಲಿಗೇನು ಚಳಿ ಆಗೂದಿಲ್ವೋ" ಎಂದು ಕೇಳುತ್ತಿದ್ದಳು.

ಮಗಳು ನೀತಾ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಹೆಣ್ಣು ಮಗು. ಮುಂದಿನ ವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರ. ತೊಟ್ಟಿಲೆಂದ ಮೇಲೆ ಕೌದಿ ಬೇಕು, ಕೌದಿಯೆಂದ ಮೇಲೆ ಹಳೆಯ ಹತ್ತಿ ಸೀರೆ ಬೇಕು. ಕಲಾವತಿಯ ಟ್ರಂಕಿನಲ್ಲಿ ಅವಳ ಅವ್ವಿಯ, ಅಂದರೆ ತಾಯಿಯ, ಎರಡು ಸೀರೆಗಳಿದ್ದವು. ತವರು ಹಿಲ್ಲೂರಿನ ಗದ್ದೆಯಲ್ಲಿ ಮೊಣಕಾಲಿಗೆ ಎತ್ತಿ ಕಟ್ಟಿ ಆಕೆ ವರ್ಷವರ್ಷವೂ ನಾಟಿ ಮಾಡಿದ್ದು ಅವುಗಳನ್ನುಟ್ಟೇ. ಒಗೆದು ಒಗೆದು ಬಣ್ಣ ಹೋಗಿ, ಬೆಣ್ಣೆಯ ಹಾಗೆ ಮೆತ್ತಗಾಗಿದ್ದವು. ಅವ್ವಿ ತೀರಿಕೊಂಡ ಮೇಲೆ ಕಲಾವತಿ ಅವನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಮೊಮ್ಮಗಳ ತೊಟ್ಟಿಲಿಗೆಂದೇ ಕಾದಿರಿಸಿದ್ದಳು.

ಅವಳು ಒಣ ಸಿಗಡಿಯ ತಲೆ ಮುರಿಯುತ್ತ ಕುಳಿತಿದ್ದಾಗ ನಾನು ಘೋಷಿಸಿದೆ. "ಕಲಾವತಿ, ಈ ಸಲ ಕೌದಿ ನಾನು ಹೊಲೀತೇನೆ."

"ಅಂಗಿ ಗುಂಡಿ ಕಿತ್ರೆ ನನ್ನ ಕರೀತ್ರಿ. ಕೌದಿ ಹೊಲೀತ್ರೊ?"

"ಇದು ಬರೀ ಕೌದಿ ಅಲ್ಲ. ನಿಸರ್ಗದ ಕೌದಿ. ಎಲೆ, ಗದ್ದೆ, ಗಂಗಾವಳಿ ಹೊಳೆ ಎಲ್ಲ ಬಟ್ಟೆ ಮೇಲೆ ತಾವಾಗೇ ಮೂಡ್ತವೆ. ಇದಕ್ಕೆ ಕಲೆ ಅಂತಾರೆ."

"ನಾವೂ ಅದಕ್ಕೆ ಕಲೆ ಅಂತ್ಲೇ ಹೇಳೂದು. ಸೋಪು ಹಚ್ಚಿ ತಿಕ್ಕೂದು."

ಒಳಕೋಣೆಯಿಂದ ನೀತಾ ನನ್ನ ಪರವಾಗಿ ವಕಾಲತ್ತು ಮಾಡಿದಳು. "ಮಾಡ್ಲಿ ಬಿಡೇ ಆಯಿ. ಅಪ್ಪಂಗೂ ಹೊತ್ತು ಹೋಗ್ತದೆ."

ಇಡೀ ಮಧ್ಯಾಹ್ನ ಯೋಚಿಸಿ, ಸಂಜೆ ಕಲಾವತಿ ಟ್ರಂಕು ತೆರೆದಳು. ಸೀರೆಗಳನ್ನು ನನ್ನ ಕೈಗಿಡುವಾಗ ಅವಳ ಧ್ವನಿ ಬೇರೆಯಾಗಿತ್ತು. "ಕತ್ತರಿ ಹಾಕೂಕಿಲ್ಲ. ಅವ್ವಿದು ಅಂತ ನನ್ನ ಹತ್ರ ಇರೂದು ಇವೆರಡೇ. ಮತ್ತೆ, ಬಾಯಿ ಹೊಲಿದು ಮುಚ್ಚೂಕಿಂತ ಮುಂಚೆ ಮೂಲೆಯಲ್ಲಿ ನಾಲ್ಕು ಅಕ್ಕಿಕಾಳು ಹಾಕಿ. ಕೌದಿ ಹೊಟ್ಟೆ ಖಾಲಿ ಇಟ್ರೆ ಹೊದ್ದವರ ಹೊಟ್ಟೆನೂ ಖಾಲಿ ಉಳೀತದೆ ಅಂತ ಅವ್ವಿ ಹೇಳ್ತಿತ್ತು."

"ಅಷ್ಟೇ ತಾನೆ?" ಎಂದೆ. ನನ್ನ ಸರ್ವನಾಶಕ್ಕೆ ಆ ನಾಲ್ಕು ಕಾಳೇ ಸಾಕಾಯಿತು.

ಏಕೆಂದರೆ ನಾನು ಬುದ್ಧಿವಂತ. ಅಕ್ಕಿ ಹಾಕಿದರೆ ಹುಳು ಬೀಳುತ್ತದೆ ಎಂದು ಯೋಚಿಸಿದೆ. ಭತ್ತಕ್ಕಾದರೆ ಸಿಪ್ಪೆಯ ಕವಚವಿದೆ, ಹುಳುವಿನ ಕಾಟ ಕಡಿಮೆ. ಅಷ್ಟೇ ಅಲ್ಲ, ನನ್ನ ಕೌದಿಯ ಚಿತ್ರವೇ ಹಿಲ್ಲೂರಿನ ಗದ್ದೆ. ತೆನೆಗಳ ಜಾಗದಲ್ಲಿ ಎರಡು ಪದರಗಳ ನಡುವೆ ನಿಜವಾದ ಭತ್ತ ತುಂಬಿ ಸುತ್ತ ಹೊಲಿದರೆ ತೆನೆ ಉಬ್ಬಿ ನಿಲ್ಲುತ್ತದೆ, ಮಗು ಕೈಯಾಡಿಸಿದರೆ ಗದ್ದೆಯೇ ಸಿಗುತ್ತದೆ. ಒಂದೇ ಏಟಿಗೆ ಶಾಸ್ತ್ರವೂ ಆಯಿತು, ಶಿಲ್ಪವೂ ಆಯಿತು. ಡ್ರಾಯಿಂಗ್ ಮಾಸ್ತರನಲ್ಲದೆ ಇನ್ಯಾರಿಗೆ ಹೊಳೆಯಬೇಕು ಇದು?

ಭತ್ತಕ್ಕೇನು ಮಾಡುವುದು? ತಲೆಯೆತ್ತಿ ನೋಡಿದೆ. ಬಾಗಿಲ ಮೇಲೆ ಕದಿರು ತೂಗುತ್ತಿತ್ತು. ಹೊಸ ಪೈರು ಬಂದಾಗ ನಮ್ಮ ಕಡೆ ಭತ್ತದ ತೆನೆಗಳಿಗೆ ಪೂಜೆ ಮಾಡಿ ಬಾಗಿಲಿಗೆ ಕಟ್ಟುತ್ತಾರೆ. ಅದು ಮನೆಯ ಲಕ್ಷ್ಮಿ, ಮುಂದಿನ ಪೈರಿನವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಸ್ಟೂಲು ಹತ್ತಿ ಮುಟ್ಟಿದೆ. ಅಷ್ಟೂ ತೆನೆಗಳನ್ನು ಉದುರಿಸಿ ಜೇಬು ತುಂಬಿಸಿಕೊಂಡು, ಬೋಳು ದಾರವನ್ನು ಹಾಗೇ ಬಿಟ್ಟೆ.

ಮರುದಿನ ಕಲಾವತಿ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. "ಕದಿರಿನ ಕಾಳೆಲ್ಲ ಎಲ್ಲಿ ಹೋಯ್ತು?"

"ಗುಬ್ಬಿ ತಿಂದಿರಬೇಕು."

"ಇಷ್ಟು ವರ್ಷ ತಿನ್ನದ ಗುಬ್ಬಿ?"

"ಮಳೆಗಾಲ ನೋಡು, ಪಾಪ, ಹಸಿವೆ."

ಆ ಗುಬ್ಬಿ ತನ್ನ ಬೆರಳುಗಳಿಗೆ ಸೂಜಿ ಚುಚ್ಚಿಸಿಕೊಂಡು, ಪಟ್ಟಿ ಕಟ್ಟಿಕೊಂಡು, ಹೊಲಿದೇ ಹೊಲಿಯಿತು. ಹೊಲಿಗೆ ನೇರ ಹೋಗಬೇಕಾದಲ್ಲಿ ಗಂಗಾವಳಿಯಂತೆ ಬಳುಕಿತು. ಬಳುಕಬೇಕಾದ ಗಂಗಾವಳಿ ಮಾತ್ರ ಕಾಲುವೆಯಂತೆ ನೇರ ಬಂತು. ಆದರೂ ಕೌದಿ ಎನ್ನಬಹುದಾದ ವಸ್ತುವೊಂದು ತಯಾರಾಯಿತು. ಇನ್ನು ಬಣ್ಣ.

ಎಳೆಯ ಸಾಗವಾನಿ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೆಂಪಾಗುವುದು ನಮ್ಮೂರ ಮಕ್ಕಳಿಗೂ ಗೊತ್ತು. ಆ ಎಲೆಗಳನ್ನೂ ಮುರುಗಲು ಸಿಪ್ಪೆಯನ್ನೂ ಕೌದಿಯ ಮೇಲೆ ಹರಡಿ, ಸುರುಳಿ ಸುತ್ತಿ, ಬಿಗಿದು ಕಟ್ಟಿ ಬೇಯಿಸಬೇಕೆಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೆಂಗಸು ಹೇಳಿದ್ದಳು. ದೊಡ್ಡ ಪಾತೇಲಿ ಕೇಳಲು ಅಡುಗೆಮನೆಗೆ ಹೋದೆ.

"ಗಂಜಿ ಮಾಡೂ ಪಾತೇಲಿಯಲ್ಲಿ ಸೀರೆ ಬೇಯಿಸ್ತ್ರಾ? ನಾಳೆ ಸೀರೆ ಗಂಜಿ ಉಣ್ತ್ರಾ?" ಎಂದು ಕಲಾವತಿ ಪಾತೇಲಿಗೆ ಅಡ್ಡ ನಿಂತಳು.

ಬೇಯಿಸಿದ್ದರೆ ಬದುಕುತ್ತಿದ್ದೆ. ಆದರೆ ಆ ವಿಡಿಯೋದ ಮಹಾತಾಯಿ ಪಾತೇಲಿ ಇಲ್ಲದ ನತದೃಷ್ಟರಿಗೂ ಒಂದು ದಾರಿ ಹೇಳಿದ್ದಳು. ಸುರುಳಿಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ನೀರು ಬಸಿದು, ಚೀಲದಲ್ಲಿ ಸುತ್ತಿ, ಮೇಲೆ ಭಾರ ಹೇರಿ, ಬೆಚ್ಚಗಿನ ಜಾಗದಲ್ಲಿ ಕೆಲವು ದಿನ ಇಡಿ, ಒಣಗದಂತೆ ಆಗಾಗ ಉಗುರುಬೆಚ್ಚಗಿನ ನೀರು ಚಿಮುಕಿಸಿ. ನಾನು ಒಂದಕ್ಷರ ಬಿಡದೆ ಪಾಲಿಸಿದೆ. ಗೋಣಿಚೀಲ ಸುತ್ತಿದೆ, ಒರಳಿನ ಗುಂಡು ಹೇರಿದೆ, ಬಚ್ಚಲ ಒಲೆಯ ಪಕ್ಕ ಇಟ್ಟೆ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ.

ಈಗ ನೀವು ನಗುತ್ತಿದ್ದೀರಿ, ನನಗೆ ಗೊತ್ತು. ನಾನು ಹುಟ್ಟಿದ್ದು ಸುಂಕಸಾಳದ ರೈತರ ಮನೆಯಲ್ಲಿ. ಚಿಕ್ಕವನಿದ್ದಾಗ ಪ್ರತಿ ಜೂನ್‌ನಲ್ಲೂ ಬಿತ್ತನೆಗೆ ಮುಂಚೆ ಬಚ್ಚಲ ಮೂಲೆಯಲ್ಲಿ ಇಂಥದೇ ಗೋಣಿ, ಇಂಥದೇ ಕಲ್ಲು, ಇಂಥದೇ ಬೆಚ್ಚಗಿನ ನೀರು. ಅದಕ್ಕೆ ನೀರು ಚಿಮುಕಿಸುವ ಕೆಲಸವೂ ನನ್ನದೇ. ಆದರೂ ಹೊಳೆಯಲಿಲ್ಲ. ಕಲೆ ತಲೆಗೇರಿದಾಗ ಬೇರೆ ಯಾವುದಕ್ಕೂ ಅಲ್ಲಿ ಜಾಗವಿರುವುದಿಲ್ಲ.

ಕಲಾವತಿ ಸ್ನಾನಕ್ಕೆ ಹೋಗುವಾಗೊಮ್ಮೆ ನಿಂತು ನೋಡಿ, "ಇದನ್ನು ಎಲ್ಲೋ ನೋಡಿದ ಹಾಗದೆಯಲ್ಲ" ಎಂದಳು.

"ದೊಡ್ಡ ಕಲೆ ಯಾವಾಗಲೂ ಹಾಗೇ ಅನ್ನಿಸೂದು" ಎಂದೆ.

ಮರುದಿನ ನೀತಾ ಮೂಗರಳಿಸಿದಳು. "ಅಪ್ಪಾ, ಮನೆಯೆಲ್ಲ ಹಿಲ್ಲೂರಿನ ಅಜ್ಜಿಮನೆ ವಾಸನೆ ಬರ್ತಾ ಅದೆ."

ನನ್ನ ಕಣ್ಣು ತುಂಬಿತು. ಚಿತ್ರದಲ್ಲಿ ಗದ್ದೆ ಬರೆದವರಿದ್ದಾರೆ, ಗದ್ದೆಯ ವಾಸನೆ ಬರೆದವರು ಯಾರಿದ್ದಾರೆ?

ಶಾಸ್ತ್ರದ ಹಿಂದಿನ ದಿನ ಹಿಲ್ಲೂರಿನಿಂದ ಕಲಾವತಿಯ ತಮ್ಮ ಹಮ್ಮಣ್ಣ ಹಲಸಿನ ಹಣ್ಣು ಹೊತ್ತು ಬಂದ. ಒಣ ಮೀನು ಕೊಡಲು ಬಂದ ಹೀರಾಬಾಯಿಯೂ ಬುಟ್ಟಿ ಇಳಿಸಿ ಕುಳಿತಳು. ಪ್ರೇಕ್ಷಕರು ಕೂಡಿದ್ದು ಕಂಡು ನನಗೆ ಹುಮ್ಮಸ್ಸು ಬಂತು. ಸುರುಳಿಯನ್ನು ಪಡಸಾಲೆಗೆ ತಂದು ಚಾಪೆಯ ಮೇಲಿಟ್ಟು, "ಈಗ ನೀವು ನೋಡುವುದು ಬಟ್ಟೆಯಲ್ಲ, ಸಾಕ್ಷಾತ್ ಪ್ರಕೃತಿ" ಎಂದು ಚಿಕ್ಕ ಭಾಷಣ ಮಾಡಿ ಹಗ್ಗ ಬಿಚ್ಚಿದೆ.

ಸುಳ್ಳಾಡಿರಲಿಲ್ಲ. ಸಾಕ್ಷಾತ್ ಪ್ರಕೃತಿಯೇ ಇತ್ತು.

ಸುರುಳಿ ಬಿಚ್ಚಿಕೊಳ್ಳಲಿಲ್ಲ. ಬಲವಾಗಿ ಎಳೆದೆ, ಪರ್ ಎಂದಿತು. ಒಳಗೆ ಬಿಳಿ ಬೇರುಗಳು ಒಂದು ಪದರದಿಂದ ಇನ್ನೊಂದಕ್ಕೆ ನುಗ್ಗಿ, ನನ್ನ ಹೊಲಿಗೆಗಿಂತ ಎಷ್ಟೋ ಗಟ್ಟಿಯಾಗಿ ಎಲ್ಲವನ್ನೂ ಹೆಣೆದಿದ್ದವು. ತೆನೆಯ ಜಾಗದಲ್ಲೆಲ್ಲ ಮೊಳಕೆ ಬಟ್ಟೆ ತೂತು ಮಾಡಿ ತಲೆ ಹೊರಗಿಟ್ಟಿತ್ತು. ಸಾಗವಾನಿಯ ಕೆಂಪು ಮುರುಗಲಿನ ಜೊತೆ ಸೇರಿ ಯಾರೋ ಎಲೆಯಡಿಕೆ ಜಗಿದು ಉಗಿದಂತೆ ಹರಡಿತ್ತು. ಹುಳಿ ವಾಸನೆಗೆ ಹೀರಾಬಾಯಿ, ಒಣ ಮೀನಿನ ಬುಟ್ಟಿಯ ಒಡತಿ, ಸೆರಗಿನಿಂದ ಮೂಗು ಮುಚ್ಚಿದಳು.

"ಮಾಸ್ತರೆ, ನಮ್ಮ ಬಲೆಗೂ ಇಷ್ಟು ಗಂಟು ಬೀಳೂದಿಲ್ಲ" ಎಂದಳು.

ಹಮ್ಮಣ್ಣ ಬಗ್ಗಿ, ಮೊಳಕೆಯ ಮೇಲೆ ಬೆರಳಾಡಿಸಿದ. "ಭಾವ, ಎಷ್ಟು ಚೊಲೋ ಬಂದದೆ. ಒಂದು ಕಾಳೂ ಸುಳ್ಳಾಗಲಿಲ್ಲ."

ಕಲಾವತಿ ಹತ್ತಿರ ಬಂದಳು. ಬೋಳು ಕದಿರಿನ ದಾರವನ್ನೊಮ್ಮೆ ನೋಡಿದಳು, ಕೌದಿಯನ್ನೊಮ್ಮೆ, ನನ್ನನ್ನೊಮ್ಮೆ. "ಗುಬ್ಬಿ" ಎಂದಳು. ಅಷ್ಟೇ. ಬೈದಿದ್ದರೆ ಬೈಸಿಕೊಂಡು ಬದುಕುವ ಅಭ್ಯಾಸ ನನಗಿದೆ. ಸುಮ್ಮನಿದ್ದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ.

ಪಾಪ ತೊಳೆಯಲು ಮಧ್ಯಾಹ್ನವಿಡೀ ನೀತಾಳ ಹುಬ್ಬು ಕೀಳುವ ಚಿಮುಟ ಹಿಡಿದು ಮೊಳಕೆ ಕಿತ್ತೆ. ಒಂದು ಮೊಳಕೆ ಬಂದರೆ ಅದರ ಜೊತೆ ಬೆರಳಗಲದ ಬಟ್ಟೆಯೂ ಬಂತು. ಬೆಣ್ಣೆಯಂಥ ಸೀರೆಗಳು ನನ್ನ ಕೈಯಲ್ಲಿ ಬೆಣ್ಣೆಯ ಹಾಗೇ ಹರಿದುಹೋದವು. ಹೆಂಡತಿಗೆ ಇನ್ನೊಂದು ಸೀರೆ ಕೊಡಿಸಬಹುದು. ಅವಳ ಅವ್ವಿ ಉಟ್ಟು ಒಗೆದು ಮೆತ್ತಗೆ ಮಾಡಿದ ಸೀರೆಯನ್ನು ಯಾವ ಅಂಗಡಿಯಿಂದ ತರಲಿ?

ಕಡೆಗೆ ಕಲಾವತಿಯೇ ಬಂದು ಚಿಮುಟ ಕಸಿದುಕೊಂಡಳು. ಅಂಚಿನ ಹತ್ತಿರ ಅಂಗೈಯಗಲ ಬಟ್ಟೆ ಹೇಗೋ ಬೇರು ತಾಗದೆ ಉಳಿದಿತ್ತು. ನನಗೆ ಕತ್ತರಿ ಹಾಕಬಾರದೆಂದಿದ್ದವಳು ತಾನೇ ಕತ್ತರಿ ತಂದು ಅಷ್ಟನ್ನೇ ಬಿಡಿಸಿಕೊಂಡಳು. ಉಳಿದದ್ದನ್ನು ಮಡಚಿ ಹಮ್ಮಣ್ಣನ ಎದುರಿಗಿಟ್ಟಳು.

"ತಕಂಡು ಹೋಗು. ಗದ್ದೆಗೆ ಹಾಕು. ಮೊಳಕೆ ಬಂದದ್ದನ್ನ ಎಸೀಬಾರದು. ಅವ್ವಿ ಸೀರೆ ಅಲ್ಲಿಂದ್ಲೇ ಬಂದದ್ದು, ಅಲ್ಲಿಗೇ ಹೋಗ್ಲಿ."

ಅವಳ ಕಣ್ಣಲ್ಲಿ ನೀರಿತ್ತು. "ಕಲಾವತಿ, ತಪ್ಪಾಯ್ತು" ಎಂದೆ.

"ಊಟಕ್ಕೆ ಏಳಿ" ಎಂದಳು.

ಬೆಳಿಗ್ಗೆ ಎದ್ದಾಗ ಮನೆ ತುಂಬ ಹೆಂಗಸರು. ತೊಟ್ಟಿಲಿಗೆ ಅಬ್ಬಲಿ ಹೂವಿನ ಮಾಲೆ ಬಿದ್ದಿತ್ತು. ಕೌದಿಯಿಲ್ಲದ ಅವಮಾನ ಎದುರಿಸಲು ಎದೆ ಗಟ್ಟಿ ಮಾಡಿಕೊಂಡು ಪಡಸಾಲೆಗೆ ಬಂದೆ. ಆಶ್ಚರ್ಯ, ಎಲ್ಲರೂ ಕೌದಿಯನ್ನೇ ಹೊಗಳುತ್ತಿದ್ದರು. "ಎಷ್ಟು ಮೆತ್ತಗದೆ, ಎಷ್ಟು ಚಂದ ಹೊಲಿದೀಯೆ ಕಲಾವತಿ" ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನೂ ಬಗ್ಗಿ ನೋಡಿದೆ. ನಡುವೆ ಅವ್ವಿಯ ಸೀರೆಯ ಅಂಗೈಯಗಲದ ತುಂಡು, ಸುತ್ತ ಇರುವೆ ಸಾಲಿನಂಥ ಹೊಲಿಗೆ. ಅದರ ಕೆಳಗಿನ ಬಟ್ಟೆಯ ಬಣ್ಣ ನನಗೆ ಬಹಳ ಪರಿಚಯದ್ದು.

ತಿರುಗಿ ಕಪಾಟು ನೋಡಿದೆ. ಗಾಜಿನಲ್ಲಿ ನನ್ನ ಮುಖವಷ್ಟೇ ಇತ್ತು.

ಬಾಗಿಲ ಬಳಿ ಹಮ್ಮಣ್ಣ ಊರಿಗೆ ಹೊರಡಲು ಚೀಲ ಸಿದ್ಧಮಾಡಿ ಇಟ್ಟಿದ್ದ. ಮೊಳಕೆ ತುಂಬಿದ ಆ ಚೀಲದ ಬಾಯಿಗೆ ಹಗ್ಗದ ಬದಲು ಜರಿ ಅಂಚು ಕಟ್ಟಿತ್ತು.

"ಜರಿ ಮಗುವಿಗೆ ಚುಚ್ಚುತ್ತದೆ ಅಂತ ಅಕ್ಕ ಕತ್ತರಿಸಿ ಕೊಟ್ಟಳು ಭಾವ" ಎಂದ, ಬಹಳ ವಿನಯದಿಂದ.

ಕಲಾವತಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಅದು ನನ್ನ ಸನ್ಮಾನದ್ದು."

"ಹೌದು" ಎಂದಳು. "ಆ ಸೀರೆ ನನ್ನ ಅವ್ವಿದಾಗಿತ್ತು."

ಹೆಂಗಸರು ಹಾಡು ಹೇಳಿ ಮಗುವನ್ನು ತೊಟ್ಟಿಲಿಗಿಳಿಸಿದರು. ಮಗು ನನ್ನ ಮೂವತ್ತು ವರ್ಷಗಳ ಸೇವೆಯ ಮೇಲೆ ಅಂಗಾತ ಮಲಗಿ, ಒಮ್ಮೆ ಮೈ ಮುರಿದು, ಎಲ್ಲರೆದುರು ಅದನ್ನು ಚೆನ್ನಾಗಿ ಒದ್ದೆ ಮಾಡಿತು. ತಡೆಯಲಾರದೆ ಶಾಲು ಉಳಿಸಲು ನಾನು ಕೈ ಚಾಚಿದೆ.

ಕಲಾವತಿ ನನ್ನ ಕೈ ಹಿಡಿದು ಹಿಂದಕ್ಕೆ ಸರಿಸಿದಳು.

"ಇರ್ಲಿ ಬಿಡಿ. ಎಷ್ಟು ನೀರು ಬಿದ್ರೂ ಹೆದರಿಕೆ ಇಲ್ಲ. ನಾನು ಒಳಗೆ ಅಕ್ಕಿನೇ ಹಾಕಿದ್ದೆ."