ದೊಡ್ಡಪ್ಪನ ಮಸಿ ತಪಾಸಣೆ

ಕಂಡವರ ಮನೆಯ ಸೀರೆಗೆ ಹಾಡಹಗಲೇ ಕೈಹಾಕಿಯೂ ಮರ್ಯಾದೆ ಉಳಿಸಿಕೊಂಡಿದ್ದ ಗಂಡಸು ಇಡೀ ಹೊನ್ನಾಳಿಯಲ್ಲಿ ಒಬ್ಬರೇ, ನಮ್ಮ ದೊಡ್ಡಪ್ಪ! ಗಾಬರಿಯಾಗಬೇಡಿ, ಸೀರೆ ತಂತಿಯ ಮೇಲೆ ಒಣಗುತ್ತಿರುತ್ತಿತ್ತು.

ನಮ್ಮದು ಮಂಡಕ್ಕಿ ಹುರಿಯುವ ಭಟ್ಟಿ. ದೊಡ್ಡಪ್ಪ, ಅಪ್ಪ ಸೇರಿ ನಡೆಸುತ್ತಿದ್ದರು. ಒಲೆಗೆ ಭತ್ತದ ಹೊಟ್ಟು. ಮಧ್ಯಾಹ್ನ ಒಲೆ ಆರಿದ್ದೇ ತಡ, ದೊಡ್ಡಪ್ಪ ಕೇರಿಯ ಹಿತ್ತಿಲುಗಳಿಗೆ ಹೊಕ್ಕು, ಒಣಹಾಕಿದ ಬಟ್ಟೆಗಳನ್ನು ಬೆರಳಿನಿಂದ ಉಜ್ಜಿ, ಆ ಬೆರಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಏನು ಹುಡುಕುತ್ತಾರೆ? ಕುತೂಹಲ ತಡೆಯದೆ ಒಂದು ದಿನ ಬೆನ್ನುಹತ್ತಿದೆ.

“ಅಜ್ಜಿ, ಸೀರೆ ಮ್ಯಾಲೆ ನಮ್ಮ ಭಟ್ಟಿ ಮಸಿ ಏನಾರ ಬಿದ್ದೈತಾ, ನೋಡ್ಲಾ?” ಎಂದರು ಎದುರುಮನೆಯ ಅಜ್ಜಿಗೆ.

“ನೋಡಪ್ಪ. ಹಂಗೇ ಮಡಿಚಿಟ್ಟು ಹೋಗು!”

ನಿಜವಾಗಿಯೂ ಮಡಿಚಿಟ್ಟರು! ಮಸಿ ಕಂಡ ದಿನ ಮಾತ್ರ ತಾವೇ ಚಿಮಣಿ ಹತ್ತಿ ಗುಡಿಸುತ್ತಿದ್ದರು.

ಎಂಬತ್ತರ ದಶಕದಲ್ಲಿ ಹೊಟ್ಟು ಸಿಗುವುದೇ ಕಷ್ಟವಾಯಿತು. ಉಳಿದ ಭಟ್ಟಿಗಳಲ್ಲಿ ಹಳೆ ಟೈರು ಉರಿಯತೊಡಗಿತು. ಅಪ್ಪನೂ ಒಂದು ಲಾರಿ ತುಂಬ ಹಳೆ ಟೈರು ತಂದು ಇಳಿಸಿದ.

“ಎಲ್ಲಾರೂ ಇದನ್ನೇ ಹಾಕ್ತಾರಣ್ಣ.”

“ಹಂಗಾರೆ ಒಂದು ಉರಿಸಿ ನೋಡಣ” ಎಂದ ದೊಡ್ಡಪ್ಪ, ಮದುವೆಗೆ ಹೊರಟವರಂತೆ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು, ಚಿಮಣಿ ಪಕ್ಕದ ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು! ಅರ್ಧ ಗಂಟೆ ಬಿಟ್ಟು ಇಳಿದು ಬಂದವರನ್ನು ಕಂಡು ದೊಡ್ಡಮ್ಮ, “ಯಾರ್ರೀ ನೀವು? ನಮ್ಮ ಮನೆಯೋರು ಮ್ಯಾಲೆ ಅದಾರೆ” ಅಂದುಬಿಟ್ಟರು.

ದೊಡ್ಡಪ್ಪ ಕೆಮ್ಮುತ್ತಲೇ ಅಪ್ಪನಿಗೆ ಹೇಳಿದರು: “ಒಂದು ಟೈರಿಗೇ ಹೆಂಡ್ತಿ ಗುರುತು ಹಿಡೀಲಿಲ್ಲ. ಒಂದು ಲಾರಿ ಉರಿಸಿದ್ರೆ ಊರೋರು ಹಿಡೀತಾರೇನೋ?”

“ಹಂಗಾರೆ ಭಟ್ಟಿ ಮುಚ್ಚಿ ಕುಂದ್ರು!” ಎಂದು ಸಿಡಿದ ಅಪ್ಪ, ಅಂದಿನಿಂದ ಅಣ್ಣನೊಡನೆ ಮಾತೇ ಬಿಟ್ಟ.

ಮಳೆಗಾಲ ಬಂತು. ಇದ್ದಬದ್ದ ಹೊಟ್ಟು ಎಲ್ಲ ನೆನೆದು ಭಟ್ಟಿ ಮೂರು ದಿನ ನಿಂತೇಹೋಯಿತು. ಕೆಲಸದವರು ಬಾಗಿಲಿಗೆ ಬಂದು ವಾಪಸು ಹೋದರು. ದೊಡ್ಡಪ್ಪ ಆರಿದ ಒಲೆಯ ಮುಂದೆ ಕೂತಿದ್ದರು. ಟೈರಿನ ರಾಶಿಯತ್ತ ಮಾತ್ರ ತಿರುಗಿಯೂ ನೋಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ, ಸುರಿವ ಮಳೆಯಲ್ಲಿ, ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ನ್ಯಾಮತಿಯ ರೈಸ್ ಮಿಲ್ಲಿನಿಂದ ಹೊಟ್ಟಿನ ಚೀಲಗಳು. ಅವಕ್ಕೆ ತಾಡಪಾಲು ಹೊದಿಸಿ, ಮೇಲೆ ತಾನು ತೊಯ್ದು ತೊಪ್ಪೆಯಾಗಿ ಕೂತಿದ್ದವನು ಅಪ್ಪ!

ದೊಡ್ಡಪ್ಪ ಓಡಿಹೋದರು. “ನೀನೂ ಅದರೊಳಗೆ ಕೂರಾಕೆ ಏನಾಗಿತ್ತೋ?”

“ಜಾಗ ಸಾಲ್ಲಿಲ್ಲ. ಹೊಟ್ಟು ನೆಂದ್ರೆ ನೀನು ಮತ್ತೆ ಒಲೆ ಹಚ್ಚಲ್ಲ ಅಂತಿಯಲ್ಲಣ್ಣ.”

ದೊಡ್ಡಪ್ಪ ಹೆಗಲ ಟವೆಲ್ ತೆಗೆದು, ಐವತ್ತು ದಾಟಿದ ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಳೆಯಲ್ಲೇ ನಿಂತು ಒರೆಸತೊಡಗಿದರು.