ಅಪ್ಪನ ದನಿ, ಐವತ್ತು ಪರ್ಸೆಂಟು

ಕಾಫಿ ಲೋಟ ಕೆಳಗಿಡುತ್ತಾ ಅಮ್ಮ ಆ ಒಂದು ಮಾತು ಆಡದೇ ಇದ್ದಿದ್ದರೆ ಕನ್ನಡಕದವರು ಎಂದಿನಂತೆ ಹತ್ತು ಗಂಟೆಗೆ ತಮ್ಮ ಕನ್ನಡಕದ ಅಂಗಡಿ ತೆರೆದು, ನಾಲ್ಕು ಜನರ ಕಣ್ಣು ನೋಡಿ, ನಲವತ್ತು ಜನರ ತಲೆ ತಿಂದು, ಎಂದಿನಂತೆ ಮನೆಗೆ ಬಂದಿರುತ್ತಿದ್ದರು. ಅಂದು ಅಮ್ಮನಿಗೆ ಎಪ್ಪತ್ತೈದು ತುಂಬಿತ್ತು. ಸಂಜೆ ಆರಕ್ಕೆ ಅಕ್ಕ ಭಾವ ಬರುವವರಿದ್ದರು. ನಿನಗೇನು ತರಲಿ ಎಂದು ಮಗ ಕೇಳಿದ್ದಕ್ಕೆ ಅಮ್ಮ ಗೋಡೆಯ ಮೇಲಿನ ಫೋಟೋದ ಕಡೆ ನೋಡಿದರು.

“ನನಗೇನೂ ಬೇಡ ಕಣೋ. ನಿಮ್ಮಪ್ಪನ ಮುಖ ಅಲ್ಲಿದೆ, ದಿನಾ ನೋಡ್ತೀನಿ. ದನಿ ಮಾತ್ರ ಮರೆತೇಹೋಗಿದೆ. ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಾ ಇಲ್ಲ.”

ಕನ್ನಡಕದವರಿಗೆ ಮರುಕ್ಷಣವೇ ಬೀರುವಿನ ಮೇಲಿದ್ದ ಕ್ಯಾಮೆರಾ ಚೀಲ ನೆನಪಾಯಿತು.

ಆ ಕ್ಯಾಮೆರಾದ ಕತೆ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಕನ್ನಡಕದವರು ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರ್ ಒಂದನ್ನು ಕೊಂಡು ತಂದರು. ಒಂದು ವರ್ಷ ಮನೆಯವರನ್ನು ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ನಿಂತವರನ್ನು ಕೂರಿಸಿದರು, ಕೂತವರನ್ನು ಎಬ್ಬಿಸಿ ನಡೆಸಿದರು. ಕ್ಯಾಮೆರಾ ಕಂಡರೆ ಭಾವ ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ ತೆಗೆದದ್ದನ್ನು ಯಾರೂ ನೋಡಲಿಲ್ಲ. “ಹಾಗೇ ತೋರಿಸಿದ್ರೆ ಏನು ಚೆಂದ, ಎಡಿಟ್ ಮಾಡಿ ತೋರಿಸ್ತೀನಿ” ಎಂದು ಕನ್ನಡಕದವರು ಹೇಳಿದ್ದೇ ಹೇಳಿದ್ದು. ಆ ಫೈಲುಗಳ ಮೈಭಾರಕ್ಕೆ ಕಂಪ್ಯೂಟರು ಏದುಸಿರು ಬಿಡುತ್ತಿತ್ತು, ಕೆಲಸ ನಾಳೆ ನಾಡಿದ್ದು ಎಂದು ಮುಂದೆ ಹೋಗುತ್ತಿತ್ತು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಕ್ಯಾಮೆರಾದ ಮೇಲಿನ ಮೋಹವೂ ಅಲ್ಲಿಗೆ ಹೋಯಿತು. ಬ್ಯಾಟರಿ ಊದಿ ಕ್ಯಾಮೆರಾ ಕೆಟ್ಟು, ಕೊನೆಗೆ ಉಳಿದದ್ದು ಉಗುರಿನಗಲದ ಒಂದು ಕಾರ್ಡು.

ಅದರಲ್ಲಿ ಅಪ್ಪ ಇದ್ದರು. ತೀರಿಕೊಳ್ಳುವ ಆರು ತಿಂಗಳ ಮೊದಲು ಎಲ್ಲರೂ ಕೆರೆ ನೋಡಲು ಹೋಗಿದ್ದರು. ಅಮ್ಮ ಮತ್ತು ಅಕ್ಕ ದೋಣಿ ಹತ್ತಿದಾಗ ಕನ್ನಡಕದವರು ಅಪ್ಪನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ನಲವತ್ತು ನಿಮಿಷ ಒಂದೇ ಸಮ ಶೂಟ್ ಮಾಡಿದ್ದರು. ಅಪ್ಪ ಏನೋ ಮಾತಾಡಿದ್ದರು. ಏನು ಎಂಬುದು ಈಗ ನೆನಪಿರಲಿಲ್ಲ.

“ಸಂಜೆ ಅಪ್ಪನ ಮಾತು ಕೇಳಿಸ್ತೀನಿ ಅಮ್ಮ” ಎಂದುಬಿಟ್ಟರು. ಮಾತಿಗೆ ಮಾತು ಜೋಡಿಸದೆ ಬಿಡದ ಅಮ್ಮ ಅಂದು ನೇರ ಒಳಗೆ ಹೋಗಿ, ಸಂಜೆಗೆ ಹಾಕಿಕೊಳ್ಳಲು ಒಳ್ಳೆಯ ಬಟ್ಟೆ ತೆಗೆದಿಟ್ಟರು. ಅದನ್ನು ನೋಡಿದ ಮೇಲೆ ಹಿಂದೆ ಸರಿಯುವ ದಾರಿ ಇರಲಿಲ್ಲ.

ಅಂಗಡಿಯ ಕಂಪ್ಯೂಟರಿಗೆ ಕಾರ್ಡು ಹಾಕಿದರು. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ ಎಂಬಂತೆ ಐದಾರು ಫೋಲ್ಡರು ದಾಟಿದ ಮೇಲೆ ಬರೀ ನಂಬರಿನ ಹೆಸರಿನ ಫೈಲುಗಳು ಸಿಕ್ಕವು. ಒತ್ತಿದರೆ ಕೆರೆ ಒಂದು ಸಲ ಅಲುಗಿ, ನಿಂತು, ಯೋಚನೆ ಮಾಡತೊಡಗಿತು. ಅಷ್ಟರಲ್ಲಿ ಪಕ್ಕದಂಗಡಿಯ ಜೆರಾಕ್ಸಿನವರು ಬಂದರು. ಕರೆದಿರಲಿಲ್ಲ. ಆ ಸಾಲಿನ ಅಂಗಡಿಗಳಲ್ಲಿ ಯಾರನ್ನೂ ಕರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅವರು ಪರದೆ ನೋಡಿ, ನಾಡಿ ಹಿಡಿದ ವೈದ್ಯರ ಹಾಗೆ ತಲೆಯಾಡಿಸಿದರು. ಫೈಲು ತುಂಬಾ ದಪ್ಪ, ಕನ್ವರ್ಟ್ ಮಾಡಿ ಸಣ್ಣದು ಮಾಡಿದರೆ ಓಡುತ್ತದೆ, ಬೇಕಾದಲ್ಲಿ ಕತ್ತರಿಸಲೂ ಬರುತ್ತದೆ ಎಂದರು. ಅದು ನಿಜವೇ ಆಗಿತ್ತು. ಕನ್ವರ್ಟರು ಅವರ ಪೆನ್ ಡ್ರೈವಿನಲ್ಲೇ ಇತ್ತು.

ಆದರೆ ಇಪ್ಪತ್ತು ವರ್ಷ ಜೆರಾಕ್ಸ್ ಹೊಡೆದ ಕೈ ಅದು. “ಐವತ್ತು ಪರ್ಸೆಂಟಿಗೆ ಇಳಿಸೋಣ ಸಾರ್, ಓದೋಕೇನೂ ತೊಂದ್ರೆ ಆಗಲ್ಲ” ಎಂದು ತಾವೇ ಕೂತು, ಎಲ್ಲೆಲ್ಲಿ ಟಿಕ್ ಇತ್ತೋ ಅಲ್ಲೆಲ್ಲ ತೆಗೆಯುತ್ತಾ ಹೋದರು. ಬೇಡದ್ದು ಕಡಿಮೆಯಾದಷ್ಟೂ ಕಾಪಿ ಚೊಕ್ಕಟವಾಗಿ ಬರುತ್ತದೆ ಎಂಬುದು ಅವರ ಅನುಭವ. ಕನ್ನಡಕದವರು ಆ ಹೊತ್ತಿನಲ್ಲಿ ಅಪ್ಪನ ಬಗ್ಗೆ ಹೇಳುತ್ತಿದ್ದುದರಿಂದ ಪರದೆ ನೋಡಲಿಲ್ಲ. ಕನ್ವರ್ಟರು ಶುರುವಾಯಿತು. ಉಳಿದ ಸಮಯ, ಎರಡು ಗಂಟೆ ಐವತ್ತು ನಿಮಿಷ.

ಎರಡು ಗಂಟೆ ಐವತ್ತು ನಿಮಿಷವೂ ಕನ್ನಡಕದವರು ಅಪ್ಪನ ಬಗ್ಗೆಯೇ ಮಾತಾಡಿದರು. ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು. ಅಪ್ಪ ಗಣಿತದ ಮೇಷ್ಟ್ರು. ಮಾತು ಕಡಿಮೆ. ಮಗ ಮೊದಲ ದರ್ಜೆಯಲ್ಲಿ ಪಾಸಾದಾಗ “ಪರವಾಗಿಲ್ಲ” ಎಂದಿದ್ದರು. ಅಂಗಡಿ ತೆರೆದ ದಿನ ಸುತ್ತ ನೋಡಿ, ಗಡಿಯಾರ ಸ್ವಲ್ಪ ಓರೆಯಾಗಿದೆ ಎಂದಿದ್ದರು. ಶಭಾಷ್ ಎಂಬ ಮಾತು ಆ ಬಾಯಿಂದ ಒಂದು ಸಲವೂ ಬರಲಿಲ್ಲ. ಇದನ್ನು ಹೇಳುವಾಗ ಐವತ್ತೆರಡು ವರ್ಷದ ಕನ್ನಡಕದವರ ಮುಖ ಹತ್ತು ವರ್ಷದವನ ಹಾಗೆ ಆಯಿತು. ಕನ್ನಡಕದ ಫ್ರೇಮ್ ಸರಿಮಾಡಿಸಲು ಬಂದಿದ್ದವರೊಬ್ಬರು ಅದನ್ನು ಅಲ್ಲೇ ಬಿಟ್ಟು, ಆಮೇಲೆ ಬರ್ತೀನಿ ಎಂದು ಹೊರಟುಹೋದರು.

ಒಂದೂ ಇಪ್ಪತ್ತಕ್ಕೆ ಟೀಚರಮ್ಮ ಒಬ್ಬರು ಕಣ್ಣಿನ ಪರೀಕ್ಷೆಗೆ ಕೂತಿದ್ದರು. ಅಕ್ಷರದ ಸಾಲುಗಳು ಎದುರು ಗೋಡೆಯ ಪರದೆಯ ಮೇಲೆ ಬರುತ್ತಿದ್ದವು, ಆ ಪರದೆಗೂ ಅದೇ ಕಂಪ್ಯೂಟರು. ಕನ್ನಡಕದವರು ಅವರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಕೊನೆಯ ಸಾಲು ಓದಿ ಎಂದರು.

“ಸಾಲು ಇಲ್ಲ ಸಾರ್. ಒಬ್ಬರು ಯಜಮಾನ್ರು ಕೂತಿದ್ದಾರೆ.”

ಕನ್ನಡಕದವರು ಅಭ್ಯಾಸಬಲದಿಂದ ಬೇರೆ ಗಾಜು ಹಾಕಿ, ಇದರಲ್ಲಿ ಹೇಗಿದೆ ಎಂದು ಕೇಳಿದರು.

“ಇದ್ರಲ್ಲಿ ಸ್ವೆಟರಿನ ಗುಂಡಿ ಕೂಡ ಕಾಣ್ತಿದೆ.”

ಕನ್ನಡಕದವರು ತಿರುಗಿದರು. ಕನ್ವರ್ಟ್ ಮುಗಿದು ಫೈಲು ತಾನೇ ತೆರೆದುಕೊಂಡಿತ್ತು. ಕೆರೆಯ ಮುಂದೆ, ಕಲ್ಲುಬೆಂಚಿನ ಮೇಲೆ, ಕಂದು ಸ್ವೆಟರ್ ಹಾಕಿಕೊಂಡು ಅಪ್ಪ ಕೂತಿದ್ದರು. ಗಾಳಿಗೆ ಹಾರುವ ನಾಲ್ಕು ಕೂದಲನ್ನು ಅಂಗೈಯಿಂದ ಒತ್ತಿ ಕೂರಿಸುವ ಅದೇ ರೀತಿ. ಅದನ್ನು ಮರೆತಿದ್ದೇನೆ ಎಂಬುದೇ ಕನ್ನಡಕದವರಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಗಾಜು ಹಾಗೇ ಉಳಿಯಿತು. ಎದುರಂಗಡಿಯ ಟೈಲರ್ ಹೆಗಲ ಮೇಲೆ ಟೇಪು ಇಳಿಬಿಟ್ಟುಕೊಂಡೇ ಓಡಿಬಂದರು. ಜೆರಾಕ್ಸಿನವರೂ ಬಂದರು. ಟೀಚರಮ್ಮ ಚೌಕಟ್ಟು ತೆಗೆಯದೆ ನೋಡುತ್ತಾ ಕೂತರು.

ಸದ್ದು ಇರಲಿಲ್ಲ. ವಾಲ್ಯೂಮ್ ಏರಿಸಿದರು, ಇಲ್ಲ. ಟೈಲರ್ ತಮ್ಮ ಸ್ಪೀಕರ್ ತಂದು ಜೋಡಿಸಿದರು, ಇಲ್ಲ. ಕೊನೆಗೆ ಜೆರಾಕ್ಸಿನವರು ಮೆಲ್ಲಗೆ, ಸದ್ದು ಅಂತಲೂ ಒಂದು ಟಿಕ್ ಇತ್ತು, ಕಾಪಿಯಲ್ಲಿ ಸದ್ದು ಯಾಕೆ ಅಂತ ತೆಗೆದೆ ಎಂದು ಒಪ್ಪಿಕೊಂಡರು. ಬೈಯಲು ಕನ್ನಡಕದವರಿಗೆ ಮನಸ್ಸು ಬರಲಿಲ್ಲ. ಕಣ್ಣು ಪರದೆ ಬಿಟ್ಟು ಕದಲುತ್ತಿರಲಿಲ್ಲ.

ಯಾಕೆಂದರೆ ಅಪ್ಪ ಮಾತಾಡುತ್ತಿದ್ದರು. ಬಾಯಿ ತೆರೆಯುತ್ತಾರೆ, ನಿಲ್ಲಿಸುತ್ತಾರೆ. ಮತ್ತೆ ತೆರೆಯುತ್ತಾರೆ, ಮತ್ತೆ ನಿಲ್ಲಿಸುತ್ತಾರೆ. ನೇರ ಕ್ಯಾಮೆರಾದ ಕಡೆಗೇ ಬೆರಳು ತೋರಿಸುತ್ತಾರೆ. ಒಂದು ಕಡೆಯಂತೂ ಬಲಗೈ ಎತ್ತಿ ಅಂಗೈಯನ್ನು ಕ್ಯಾಮೆರಾಕ್ಕೆ ಚಾಚಿ ಹಿಡಿದರು.

“ಆಶೀರ್ವಾದ ಮಾಡ್ತಿದ್ದಾರೆ ಸ್ವಾಮಿ” ಎಂದರು ಟೈಲರ್. ಅವರ ದನಿ ಒದ್ದೆಯಾಗಿತ್ತು. “ನಿಮ್ಮ ಬಗ್ಗೆ ಏನೋ ಹೇಳೋಕೆ ಹೊರಟು, ದುಃಖ ಉಕ್ಕಿ ಬಂದು ತಡೀತಿದ್ದಾರೆ. ನೋಡಿದ್ರೆ ಗೊತ್ತಾಗಲ್ವಾ?”

ಟೀಚರಮ್ಮನಿಗೂ ಹಾಗೇ ಕಂಡಿತು. ಮೇಷ್ಟ್ರುಗಳು ಎದುರಿಗೆ ಹೊಗಳುವುದಿಲ್ಲ, ಕ್ಯಾಮೆರಾಕ್ಕೆ ಹೇಳಿಟ್ಟಿದ್ದಾರೆ ಎಂದರು. ಕನ್ನಡಕದವರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಅಷ್ಟು ವರ್ಷ ಕಾದ ಮಾತು ಬೀರುವಿನ ಮೇಲೇ ಇತ್ತಲ್ಲ. ತಕ್ಷಣ ಅಕ್ಕನಿಗೆ ಫೋನು ಮಾಡಿ, ಅಪ್ಪ ನನ್ನ ಬಗ್ಗೆ ಹೇಳಿದ್ದು ಸಿಕ್ಕಿದೆ, ಸಂಜೆ ಬೇಗ ಬಾ ಎಂದರು. ಅಪ್ಪ ನಿನ್ನ ಹೊಗಳಿದ್ರಾ ಎಂದು ಅಕ್ಕ ಎರಡು ಸಲ ಕೇಳಿದಳು. ಟೈಲರನ್ನೂ ಜೆರಾಕ್ಸಿನವರನ್ನೂ ಮನೆಗೆ ಕರೆದದ್ದಾಯಿತು. ಟೀಚರಮ್ಮನ ಕಣ್ಣಿನ ನಂಬರು ಆ ದಿನ ಗೊತ್ತಾಗಲೇ ಇಲ್ಲ.

ಎರಡು ಗಂಟೆಗೆ ಸದ್ದಿನ ಟಿಕ್ ಹಾಕಿ ಮತ್ತೆ ಶುರು ಮಾಡಿದರು. ಕಂಪ್ಯೂಟರನ್ನು ಯಾರೂ ಮುಟ್ಟಬಾರದೆಂದು ಕನ್ನಡಕದವರು ಅದರ ಮುಂದೆ ಕುರ್ಚಿ ಹಾಕಿ ಕಾವಲು ಕೂತರು. ಯಾರೂ ಕಂಪ್ಯೂಟರು ಮುಟ್ಟಲಿಲ್ಲ. ಆದರೆ ಸಂಜೆ ಮನೆಗೆ ಬರುವಾಗ ಅಂಗಿ ಸುಕ್ಕಾಗಿರಬಾರದಲ್ಲ ಎಂದು ಟೈಲರ್ ತಮ್ಮ ಇಸ್ತ್ರಿಪೆಟ್ಟಿಗೆ ತಂದು, ತಮ್ಮಂಗಡಿಯ ಪ್ಲಗ್ಗು ಸರಿಯಿಲ್ಲವೆಂದು, ಹಿಂದಿನ ಗೋಡೆಯ ಪ್ಲಗ್ಗಿಗೆ ಚುಚ್ಚಿದರು. ಟಪ್ ಎಂದಿತು. ಅಂಗಡಿ ಕತ್ತಲಾಯಿತು. ಅರವತ್ತೊಂದು ಪರ್ಸೆಂಟು ಆಗಿತ್ತು.

ಕನ್ನಡಕದವರು ಒಂದು ನಿಮಿಷ ಮಾತಾಡಲಿಲ್ಲ. ಅವರನ್ನು ಬಲ್ಲವರಿಗೆ ಅದು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು. ಫ್ಯೂಸ್ ಕಟ್ಟಿ ಕರೆಂಟು ಬರುವಷ್ಟರಲ್ಲಿ ನಾಲ್ಕು ಗಂಟೆ. ಮೂರು ಗಂಟೆ ಹಿಡಿಯುವ ಕೆಲಸಕ್ಕೆ ಉಳಿದದ್ದು ಎರಡೇ ಗಂಟೆ. ಮನೆಯಿಂದ ಹೆಂಡತಿ ಫೋನು ಮಾಡಿ, ಅತ್ತೆ ಬಟ್ಟೆ ಹಾಕಿಕೊಂಡು ತಯಾರಾಗಿ ಟಿ.ವಿ. ಮುಂದೆ ಕೂತುಬಿಟ್ಟಿದ್ದಾರೆ ಎಂದಳು. ಜೆರಾಕ್ಸಿನವರೇ ದಾರಿ ತೋರಿಸಿದರು. ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಸಣ್ಣ ಗಾತ್ರ ಆರಿಸಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಚಿತ್ರ ಮಸುಕಾಗುತ್ತದೆ, ದನಿ ಮಸುಕಾಗುವುದಿಲ್ಲ. ಬೇಕಾದದ್ದು ದನಿ ತಾನೇ ಎಂದು ಕನ್ನಡಕದವರು ಒಪ್ಪಿದರು. ಮುಗಿದಾಗ ಐದೂಕಾಲು. ಕೇಳಿ ನೋಡುವ ವ್ಯವಧಾನವಿಲ್ಲದೆ ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು, ಜೇಬನ್ನು ಕೈಯಿಂದ ಒತ್ತಿಹಿಡಿದೇ ಮನೆ ಸೇರಿದರು.

ಆರಕ್ಕೆ ಸರಿಯಾಗಿ ಎಲ್ಲರೂ ಸೇರಿದ್ದರು. ಇಸ್ತ್ರಿಯಾಗದ ಅಂಗಿಯಲ್ಲಿ ಟೈಲರ್, ಅಪರಾಧಿಯ ಹಾಗೆ ಬಾಗಿಲ ಬಳಿ ಜೆರಾಕ್ಸಿನವರು, ಸೋಫಾದ ಮೇಲೆ ಅಕ್ಕ ಭಾವ, ಎಲ್ಲರಿಗಿಂತ ಮುಂದೆ ಕುರ್ಚಿ ಎಳೆದುಕೊಂಡು ಅಮ್ಮ. ಕನ್ನಡಕದವರು ಟಿ.ವಿ.ಯ ಪಕ್ಕ ನಿಂತು ಸಣ್ಣ ಭಾಷಣ ಮಾಡಿದರು. ಅಪ್ಪ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಬದುಕಿದ್ದಾಗ ಹೇಳಲಿಲ್ಲ, ಇಂದು ಹೇಳುತ್ತಾರೆ ಎಂದರು. ಆಮೇಲೆ ಗುಂಡಿ ಒತ್ತಿದರು.

ಚಿತ್ರ ಬಂತು. ಕೆರೆ ಯಾವುದು, ಆಕಾಶ ಯಾವುದು ತಿಳಿಯದಷ್ಟು ಚೌಕ ಚೌಕ. ಅವುಗಳ ನಡುವೆ ಕಂದು ಬಣ್ಣದ ಒಂದು ದೊಡ್ಡ ಚೌಕ, ಅದು ಅಪ್ಪ. ದನಿಯೂ ಬಂತು. ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಬಂತು.

“ಅಪ್ಪಾ, ಸ್ವಲ್ಪ ಈ ಕಡೆ ತಿರುಗಿ. ಅಷ್ಟಲ್ಲ, ಸ್ವಲ್ಪ. ಈಗ ನೀರು ನೋಡಿ. ಸುಮ್ನೆ ನೋಡಿ. ಮಾತಾಡಿ ಅಪ್ಪಾ, ಏನಾದ್ರೂ ಮಾತಾಡಿ, ಕ್ಯಾಮೆರಾ ಇಲ್ಲ ಅಂದ್ಕೊಳ್ಳಿ. ಇದು ಹೈ ಡೆಫಿನಿಷನ್ ಅಪ್ಪಾ, ಏನು ಕ್ಲಿಯರ್ ಗೊತ್ತಾ, ಹೇಳಿ ಹೇಳಿ, ನಿಮ್ಮ ಚಿಕ್ಕಂದಿನದು ಹೇಳಿ. ಒಂದ್ನಿಮಿಷ, ಕೂದಲು…”

ಅದು ಕನ್ನಡಕದವರದೇ ದನಿ. ಕ್ಯಾಮೆರಾ ಹಿಡಿದವನ ಬಾಯಿ ಮೈಕಿಗೆ ಒಂದು ಗೇಣು ದೂರ, ಅಪ್ಪ ಹತ್ತು ಹೆಜ್ಜೆ ದೂರ. ಅಪ್ಪ ಬಾಯಿ ತೆರೆದಾಗಲೆಲ್ಲ ಮಗ, ಹಾಂ ಹಾಗೇ ಹೇಳಿ, ಚೆನ್ನಾಗಿ ಬರ್ತಿದೆ ಎಂದು ಶುರುಮಾಡುತ್ತಿದ್ದರು, ಅಪ್ಪ ನಿಲ್ಲಿಸುತ್ತಿದ್ದರು. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಕನ್ನಡಕದವರ ಕಿವಿ ಕೆಂಪಾಗಿ, ಕುತ್ತಿಗೆ ಕೆಂಪಾಗಿ, ಗೋಡೆಗೆ ಒರಗಿ ನಿಂತರು. ಟೈಲರ್ ಯಾರನ್ನೂ ನೋಡದೆ ಚಾವಣಿ ನೋಡುತ್ತಿದ್ದರು. ಭಾವ ಕೆಮ್ಮಿನ ನೆಪದಲ್ಲಿ ಕರವಸ್ತ್ರ ಬಾಯಿಗೆ ತುರುಕಿಕೊಂಡರು. ನಿಲ್ಲಿಸಿಬಿಡೋಣ ಎಂದು ಕನ್ನಡಕದವರು ಕೈ ಚಾಚಿದರೆ, ಅಮ್ಮ ಬೇಡವೆಂದು ತಲೆಯಾಡಿಸಿದರು.

ಮೂವತ್ತೆಂಟನೆಯ ನಿಮಿಷದಲ್ಲಿ ಕಂದು ಚೌಕ ಬಲಗೈ ಎತ್ತಿ ಅಂಗೈ ಚಾಚಿತು. ಅಂಗೈ ಕಂಡೋ, ಉಸಿರು ತೆಗೆದುಕೊಳ್ಳಲೋ, ಕ್ಯಾಮೆರಾದ ಹಿಂದಿನ ಬಾಯಿ ಒಂದು ಕ್ಷಣ ನಿಂತಿತು. ಆ ಒಂದು ಕ್ಷಣದ ಸಂದಿನಲ್ಲಿ, ಕೆರೆಯ ಗಾಳಿಯ ನಡುವಿನಿಂದ, ಸಣ್ಣಗೆ, ನಿಧಾನವಾಗಿ ಒಂದು ದನಿ ಬಂತು.

“ನೀನು ಸ್ವಲ್ಪ ಬಾಯಿ ಮುಚ್ಚಿದ್ರೆ ನಾನು ಮಾತಾಡ್ತೀನಿ ಕಣಪ್ಪಾ.”

“ಆಯ್ತಪ್ಪಾ, ಇನ್ನು ನಾನು ಮಾತಾಡೋದೇ ಇಲ್ಲ, ಶುರು ಮಾಡಿ” ಎಂದಿತು ಹನ್ನೆರಡು ವರ್ಷದ ಹಿಂದಿನ ಮಗನ ದನಿ. ಮಾತಾಡುವುದಿಲ್ಲ ಎಂಬುದನ್ನೇ ಒಂದೂವರೆ ನಿಮಿಷ ವಿವರಿಸಿತು. ಆಮೇಲೆ ಬ್ಯಾಟರಿ ಮುಗೀತು ಅಪ್ಪಾ ಎಂದಿತು. ಪರದೆ ಕಪ್ಪಾಯಿತು.

ಅಕ್ಕ ತಡೆಯಲಾರದೆ ನಕ್ಕಳು. ಅವಳ ಹಿಂದೆ ಭಾವ, ಆಮೇಲೆ ಬಾಗಿಲ ಬಳಿಯ ಜೆರಾಕ್ಸಿನವರು. ಕನ್ನಡಕದವರಿಗೆ ಅಳು ಬಂದಿತ್ತು. ನಲವತ್ತು ನಿಮಿಷ ಅಪ್ಪ ಎದುರಿಗೇ ಕೂತಿದ್ದರು, ಏನೋ ಹೇಳಬೇಕೆಂದು ನಲವತ್ತು ನಿಮಿಷವೂ ಕಾದಿದ್ದರು. ಅಮ್ಮನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

ಅಮ್ಮ ಮಾತ್ರ ಕಣ್ಣೀರು ಸುರಿಸುತ್ತಾ ನಗುತ್ತಿದ್ದರು.

“ಇದೇ ಕಣೋ ಅವರ ದನಿ. ಇದೇ. ಇನ್ನೊಂದ್ಸಲ ಹಾಕು.”

ಆ ಒಂದು ಮಾತನ್ನೇ ಹಿಂದೆ ಓಡಿಸಿ ಇನ್ನೊಂದು ಸಲ ಹಾಕಿದರು. ಮತ್ತೊಂದು ಸಲ ಹಾಕಿದರು. ಆರನೆಯ ಸಲಕ್ಕೆ ನಗು ನಿಂತು, ಮನೆ ಸದ್ದಿಲ್ಲದೆ ಕೇಳತೊಡಗಿತು.

“ಮದುವೆಯಾದ ಮೊದಲನೇ ವಾರ ನನಗೂ ಇದನ್ನೇ ಅಂದಿದ್ರು” ಎಂದರು ಅಮ್ಮ. “ಆಮೇಲೂ ಅಂತಾನೇ ಇದ್ರು. ಒಂದು ದಿನಾನಾದ್ರೂ ನಾನು ಬಾಯಿ ಮುಚ್ಚಿದ್ನಾ? ಏನು ಹೇಳಬೇಕು ಅಂತಿದ್ರೋ ನನಗೂ ಗೊತ್ತಾಗಲಿಲ್ಲ ಕಣೋ.”

ಕನ್ನಡಕದವರು ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ಅಮ್ಮನ ಮಂಡಿಯ ಮೇಲೆ ಕೈಯಿಟ್ಟು, ಸಮಾಧಾನದ ಮಾತು ಹೇಳಲೆಂದು, “ಅಮ್ಮ, ಅದೇನಂದ್ರೆ…” ಎಂದು ಶುರುಮಾಡಿದರು.

“ಸುಮ್ನಿರೋ” ಎಂದರು ಅಮ್ಮ, ಟಿ.ವಿ.ಯಿಂದ ಕಣ್ಣು ತೆಗೆಯದೆ. “ಅವರು ಮಾತಾಡ್ತಿದ್ದಾರೆ.”